ಬಲ ಅಂಚಿನ ಕಚ್ಚು

'ಖಾಲಿ' ಎಂದು ಹೆಸರಿಟ್ಟಿದ್ದ ನಲವತ್ತೆರಡನೆಯ ಪುಟ ಖಾಲಿಯಾಗಿರಲಿಲ್ಲ.

ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಪರದೆಯ ಮೇಲೆ ಪುಟ ಹಾಗೆಯೇ ಇತ್ತು. ಹಿಂಬದಿಯ ಅಚ್ಚು ಅಲ್ಲಲ್ಲಿ ಇಣುಕುತ್ತಿತ್ತು. ಅದರ ಮೇಲೆ ಪೆನ್ಸಿಲಿನಲ್ಲಿ ಬರೆದ ಮೂರು ನಮೂದುಗಳು. ಏಳರ ಅಂಕಿಯ ನಡುವಿಗೆ ಅಡ್ಡಗೆರೆ. ಪ್ರತಿ ನಮೂದಿನ ಕೊನೆಗೆ, ಬಾಗಿಲಿಗೆ ಚಿಲಕ ಹಾಕಿದ ಹಾಗೆ, ಪುಟ್ಟದೊಂದು ಗೆರೆ.

ಈ ಕೈಬರಹದ ರಜಾಚೀಟಿಗಳನ್ನು ಅವಳು ಹತ್ತು ವರ್ಷ ಶಾಲೆಗೆ ಒಯ್ದಿದ್ದಳು.

ತಾಂತ್ರಿಕ ಗ್ರಂಥಾಲಯದ ಎರಡನೆಯ ಮಹಡಿಯಲ್ಲಿ ಆಗ ಹತ್ತೂವರೆ ಗಂಟೆ. ಕೆಳಗಿನ ಹಜಾರದಲ್ಲಿ ಗುಜರಿಗೆ ಹೋಗಬೇಕಿದ್ದ ಹಳೆಯ ಲೆಕ್ಕದ ಯಂತ್ರವೊಂದನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿದ್ದರು. ಪಕ್ಕದಲ್ಲಿ ಇಡಲು ಅದರ ಕೈಪಿಡಿ ಬೇಕು, ಎಲ್ಲಾದರೂ ಹುಡುಕಿ ಕೊಡಿ ಎಂದು ಮುಖ್ಯಸ್ಥರು ಅವಳಿಗೆ ಹೇಳಿ ಒಂದು ತಿಂಗಳಾಗಿತ್ತು. ಅವರ ಪ್ರಕಾರ ಅದು ಕೆಲಸವಲ್ಲ, ಬರೀ ಹುಡುಕಾಟ. ಅವಳಿಗೆ ಹುಡುಕಾಟವೇ ಹಿತವಾದ ಕೆಲಸ. ಹುಡುಕುತ್ತಿರುವಷ್ಟು ಹೊತ್ತು ಯಾವುದಕ್ಕೂ ಸಹಿ ಹಾಕಬೇಕಾಗಿಲ್ಲ.

ಅಂತರ್ಜಾಲದಲ್ಲಿ ಯಾರೂ ಗುಡಿಸದ ಮೂಲೆಗಳು ಅವಳಿಗೆ ಬೆರಳ ತುದಿಯಲ್ಲಿದ್ದವು. ಬಾಗಿಲು ಹಾಕಿದ ಕಂಪನಿಗಳ ಕಡತಗಳು. ತೀರಿಹೋದ ಇಂಜಿನಿಯರುಗಳ ಪುಟಗಳು. 'ತಾತ್ಕಾಲಿಕ' ಎಂದು ಹೆಸರಿಟ್ಟು ಇಪ್ಪತ್ತು ವರ್ಷದಿಂದ ಹಾಗೇ ಬಿದ್ದಿದ್ದ ಗಂಟುಗಳು. ಸಿಕ್ಕ ಜಾಲವಿಳಾಸದ ಬಾಲ ಕತ್ತರಿಸಿದರೆ ಮೇಲಿನ ಕೋಣೆ ತೆರೆದುಕೊಳ್ಳುತ್ತದೆ. ಇನ್ನಷ್ಟು ಕತ್ತರಿಸಿದರೆ ಅಟ್ಟ. ಇವತ್ತು ಹಾಗೆ ಕತ್ತರಿಸುತ್ತ ಹೋದಾಗ ಒಬ್ಬ ನಿವೃತ್ತ ಮೆಕ್ಯಾನಿಕ್ ಏರಿಸಿಟ್ಟಿದ್ದ ಗಂಟು ಸಿಕ್ಕಿತ್ತು. ಮುಚ್ಚಿಹೋದ ಗಣಕ ಕೇಂದ್ರವೊಂದರ ರದ್ದಿ. ಮೊದಲ ಪುಟದ ಮೊಹರು ನೋಡಿ ಅವಳ ಕೈ ಮೌಸಿನ ಮೇಲೆಯೇ ನಿಂತಿತ್ತು. ಅಮ್ಮ ಕೆಲಸ ಮಾಡಿದ ಕೇಂದ್ರ. ಅಮ್ಮನನ್ನು ಕೆಲಸದಿಂದ ತೆಗೆದ ಕೇಂದ್ರ.

ಬೆಸ ಪುಟಗಳಲ್ಲಿ ಗಣಿತದ ಪ್ರೋಗ್ರಾಂಗಳ ಅಚ್ಚು. ಸಮ ಪುಟಗಳೆಲ್ಲ 'ಖಾಲಿ'. ಸ್ಕ್ಯಾನರ್ ಎರಡೂ ಬದಿಯನ್ನು ತಾನಾಗಿಯೇ ಹಿಡಿದಿತ್ತು. ಪುಣ್ಯಾತ್ಮ ಮೊದಲ ನಾಲ್ಕಾರು ಹಿಂಬದಿ ನೋಡಿ, ಉಳಿದದ್ದಕ್ಕೆಲ್ಲ ಒಂದೇ ಏಟಿಗೆ ಹೆಸರಿಟ್ಟು ಕೈ ತೊಳೆದುಕೊಂಡಿದ್ದ. ಖಾಲಿ ಪುಟ ಖಾಲಿಯೇ ಎಂದು ಯಾರು ತಾನೆ ತೆರೆದು ನೋಡುತ್ತಾರೆ?

ಅವಳು ನೋಡುತ್ತಾಳೆ. ಹಾಕಿದ ಬೀಗವನ್ನು ಮೂರು ಸಲ ಎಳೆದು ನೋಡುವವಳು. "ನಮ್ಮನೆ ಬೀಗಕ್ಕೆ ಜ್ವರ, ದಿನಾ ಇವಳು ನಾಡಿ ಹಿಡಿದು ನೋಡ್ಬೇಕು" ಎಂದು ಗಂಡ ಬಂದವರ ಮುಂದೆ ನಗಾಡುತ್ತಾನೆ. ಅವಳೂ ನಗುತ್ತಾಳೆ. ನಗುತ್ತಲೇ ಇನ್ನೊಂದು ಸಲ ಎಳೆದು ನೋಡುತ್ತಾಳೆ.

ಪುಟದಲ್ಲಿ ಹೀಗಿತ್ತು:

ಮಂಗಳವಾರ. ತಾಳೆ ಯಂತ್ರ 3. ಹದಿನೇಳನೇ ಕಾಲಂನಲ್ಲಿ ಬೇಕೆಂದೇ ತಪ್ಪು ಹೊಡೆದು ನೋಡಿದೆ. ಯಂತ್ರ ನಿಲ್ಲಲಿಲ್ಲ. ಬಲ ಅಂಚಿಗೆ ಕಚ್ಚು ಹಾಕಿತು. ಮೇಲ್ವಿಚಾರಕರಿಗೆ ತಿಳಿಸಿದೆ.

ಬುಧವಾರ. ಅದೇ. ತಿಳಿಸಿದೆ.

ಗುರುವಾರ. ಅದೇ. ಮೂರನೇ ಸಲ ತಿಳಿಸಿದೆ. ಫಲಿತಾಂಶದ ಕೆಲಸ ಮುಗಿಯಲಿ, ಸೋಮವಾರ ಮೆಕ್ಯಾನಿಕ್ ಬರುತ್ತಾನೆ ಎಂದರು. ಹೇಳಿದಂತೆ ಮುಂದುವರಿಸಿದೆ.

ಕೆಳಗೆ ಅಮ್ಮನ ಹೆಸರಿನ ಎರಡು ಅಕ್ಷರ.

ಎದೆಯಲ್ಲಿ ಏನೋ ಸಡಿಲವಾಯಿತು. ಸಂತೋಷವಲ್ಲ. ಬಹಳ ಹೊತ್ತು ಬಿಗಿಯಾಗಿ ಕಟ್ಟಿದ್ದ ಗಡಿಯಾರದ ಪಟ್ಟಿಯನ್ನು ಬಿಚ್ಚಿದಾಗ ಮಣಿಕಟ್ಟಿಗೆ ಆಗುತ್ತದಲ್ಲ, ಅದು.

*

ಅಮ್ಮನ ಕೆಲಸವೆಂದರೆ ಬೇರೆಯವಳು ಮಾಡಿದ್ದನ್ನು ಮತ್ತೊಮ್ಮೆ ಮಾಡುವುದು. ಒಬ್ಬಳು ಅಂಕಪಟ್ಟಿ ನೋಡಿಕೊಂಡು ಕಾರ್ಡಿನಲ್ಲಿ ತೂತು ಹೊಡೆಯುತ್ತಿದ್ದಳು. ಆ ಕಾರ್ಡು, ಆ ಪಟ್ಟಿ ಎರಡೂ ಅಮ್ಮನ ಮೇಜಿಗೆ ಬರುತ್ತಿದ್ದವು. ಅಮ್ಮ ತಾಳೆ ಯಂತ್ರದ ಮುಂದೆ ಕೂತು ಅದನ್ನೇ ಮೊದಲಿನಿಂದ ಹೊಡೆಯಬೇಕು. ಅಮ್ಮನ ಬೆರಳೂ ಮೊದಲಿನ ತೂತೂ ತಾಳೆಯಾಗದಿದ್ದರೆ ಯಂತ್ರ ನಿಂತು, ಕಾರ್ಡಿನ ತಲೆಯ ಮೇಲೆ, ತಪ್ಪಿದ ಕಾಲಮ್ಮಿಗೆ ಸರಿಯಾಗಿ ಒಂದು ಕಚ್ಚು ಹಾಕುತ್ತಿತ್ತು. ಎಲ್ಲ ಸರಿಯಿದ್ದರೆ ಬಲ ಅಂಚಿಗೆ ಕಚ್ಚು.

ಮನೆಯಲ್ಲೂ ಹಾಗೆಯೇ. ಮಕ್ಕಳ ಲೆಕ್ಕದ ಪುಸ್ತಕವನ್ನು ಅಮ್ಮ ಹೆಬ್ಬೆರಳಿನ ಉಗುರಿನಿಂದ ತಿದ್ದುತ್ತಿದ್ದಳು. ಸರಿಯಿದ್ದರೆ ಹಾಳೆಯ ಬಲ ಅಂಚು ಚಿಕ್ಕೆಂದು ಹರಿಯುತ್ತಿತ್ತು. ತಪ್ಪಿದ್ದರೆ ಹಾಳೆಯ ತಲೆ. ಕೆಂಪು ಮಸಿ ಅವರ ಮನೆಗೆ ಬರಲೇ ಇಲ್ಲ.

ಅವಳಿಗೆ ನಾಲ್ಕು ವರ್ಷವಾಗಿದ್ದಾಗ ಪರೀಕ್ಷೆಯ ಆ ಫಲಿತಾಂಶ ಬಂತು. ಗಣಿತದಲ್ಲಿ ನಲವತ್ತೆರಡು ಬಂದವರು ಹನ್ನೆರಡಕ್ಕೆ, ನಲವತ್ತೆಂಟು ಬಂದವರು ಹದಿನೆಂಟಕ್ಕೆ ಇಳಿದಿದ್ದರು. ಮುನ್ನೂರ ಹನ್ನೆರಡು ಮಕ್ಕಳು. ಹೊಸದಾಗಿ ಸೇರಿದ್ದ ಹುಡುಗಿ ಹದಿನೇಳನೇ ಕಾಲಂನಲ್ಲಿ ನಾಲ್ಕರ ಬದಲು ಒಂದು ಹೊಡೆದಿದ್ದಳು. ಹೊಸಬಳು, ಪಾಪ, ತಪ್ಪು ಮಾಡುತ್ತಾಳೆ. ಅದಕ್ಕೇ ತಾನೆ ತಾಳೆ ನೋಡುವವರನ್ನು ಇಟ್ಟಿರುವುದು? ಅಷ್ಟೂ ಕಾರ್ಡಿನ ಬಲ ಅಂಚಿಗೆ ಕಚ್ಚು ಬಿದ್ದಿತ್ತು. ಯಂತ್ರ ಕೆಟ್ಟಿತ್ತು ಎಂದು ಅಮ್ಮ ಹೇಳಿದಳಂತೆ. ಹಾಗಿದ್ದರೆ ಪುಸ್ತಕದಲ್ಲಿ ಬರೆದಿರಬೇಕಲ್ಲ, ತೋರಿಸಿ ಎಂದರಂತೆ. ಪುಸ್ತಕ ಸಿಗಲಿಲ್ಲ. ಪುಸ್ತಕವೆಂದರೂ ಪುಸ್ತಕವಲ್ಲ, ಕಾಗದ ಉಳಿಸಲು ಹಳೆಯ ಅಚ್ಚಿನ ಹಾಳೆಗಳ ಹಿಂಬದಿಯಲ್ಲೇ ಬರೆದು ಕ್ಲಿಪ್ಪು ಹಾಕುತ್ತಿದ್ದ ಗಂಟು.

ಎರಡು ತಿಂಗಳಲ್ಲಿ ಫಲಿತಾಂಶ ತಿದ್ದಿದರು. ಅಷ್ಟರಲ್ಲಿ ಒಬ್ಬ ಹುಡುಗಿಯನ್ನು ಮನೆಯವರು ಓದು ಬಿಡಿಸಿ ಬೇರೆ ಊರಿಗೆ ಕಳಿಸಿಯಾಗಿತ್ತು. ಆ ಹುಡುಗಿಯ ತಂದೆ ಒಂದು ಬೆಳಿಗ್ಗೆ ಬಂದು ಇವರ ಮನೆಯ ಗೇಟಿನ ಮುಂದೆ ನಿಂತ. ಬೈಯಲಿಲ್ಲ, ಕೂಗಲಿಲ್ಲ. ಒಂದು ಗಂಟೆ ನಿಂತು ಹೊರಟುಹೋದ. ಅಂದಿನಿಂದ ಅಮ್ಮ ಗೇಟಿನ ಬಳಿ ನಿಂತದ್ದನ್ನು ಯಾರೂ ನೋಡಿಲ್ಲ. ಮನೆಗಳು ಬದಲಾದವು. ಬಾಲ್ಕನಿಗೂ ಬರಲಿಲ್ಲ.

ಅಪ್ಪ ಒಳ್ಳೆಯ ಮನುಷ್ಯ, ತಮಾಷೆಯ ಮನುಷ್ಯ. ಸಾರಿಗೆ ಉಪ್ಪು ಹೆಚ್ಚಾದರೆ "ಹದಿನೇಳನೇ ಕಾಲಂ" ಎನ್ನುತ್ತಿದ್ದ. ಮಕ್ಕಳ ಫಲಿತಾಂಶದ ದಿನ, "ಅಮ್ಮನ ಕೈ ಬರದಿದ್ರೆ ಸಾಕಪ್ಪ" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅಮ್ಮನೂ.

ಅಕ್ಕ ಆ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು. ಇವಳು ಬಿಡಲಿಲ್ಲ. ಸಂಶೋಧನೆಯ ಪ್ರಬಂಧ ಬರೆದು ಮುಗಿಸಿ, ಒಂದು ಸಲ ನೋಡಿ ಕೊಡುತ್ತೇನೆ ಎಂದು ಆರು ವರ್ಷ ನೋಡಿದಳು. ಮಾರ್ಗದರ್ಶಕರು ನಿವೃತ್ತರಾದರು, ಆಮೇಲೆ ತೀರಿಕೊಂಡರು. ಪ್ರಬಂಧ ಈಗಲೂ ಅವಳ ಕಂಪ್ಯೂಟರಿನಲ್ಲಿ 'ಕೊನೆಯ ಸಲ' ಎಂಬ ಹೆಸರಿನ ಕಡತದಲ್ಲಿದೆ.

*

ಮೆಕ್ಯಾನಿಕ್‌ನ ಪುಟದಲ್ಲಿ ಒಂದು ಮಿಂಚಂಚೆ ವಿಳಾಸವಿತ್ತು. 'ನಲವತ್ತೆರಡನೆಯ ಪುಟ ಖಾಲಿಯಲ್ಲ, ದಯವಿಟ್ಟು ಹೆಸರು ತಿದ್ದಿ' ಎಂದು ಬರೆದಳು. ಕಳಿಸುವ ಮುಂಚೆ ನಾಲ್ಕು ಸಲ ಓದಿದಳು. ಕಾಗದ ಒಂದೇ ನಿಮಿಷದಲ್ಲಿ ಹಿಂತಿರುಗಿತು. ಆ ವಿಳಾಸದಲ್ಲಿ ಯಾರೂ ಇರಲಿಲ್ಲ. ಇನ್ನು ಅದನ್ನು ತಿದ್ದುವವರು ಭೂಮಿಯ ಮೇಲೆ ಇಲ್ಲ.

ಕೆಳಮಹಡಿಯಲ್ಲಿ ಬೈಂಡರ್ ಗೋಂದಿನ ಡಬ್ಬಿಯ ಮುಚ್ಚಳ ತೆಗೆಯಲು ಹೆಣಗುತ್ತಿದ್ದರು.

"ಏನ್ ಮೇಡಂ, ಮುಖ ಯಾಕೆ ಹಾಗಿದೆ? ಇಲಿ ಬಿದ್ದಿದೆಯಾ ಕಪಾಟಲ್ಲಿ?"

"ಒಂದು ಹಾಳೆ ಬೇಕಿತ್ತು. ದಪ್ಪದ್ದು. ಒಂದು ಪುಟ ಅಚ್ಚು ತೆಗೀಬೇಕು."

"ಸರ್ಟಿಫಿಕೇಟಾ?"

"ಹಾಗೇ ಅಂದ್ಕೊಳ್ಳಿ."

"ಯಾರಿಗೆ?"

"ನಮ್ಮಮ್ಮಂಗೆ."

"ಈ ವಯಸ್ಸಲ್ಲಿ ಏನು ಪಾಸು ಮಾಡಿದ್ರು?"

ಅವಳು ಯೋಚಿಸಬೇಕಾಯಿತು. "ಪಾಸು ಅಂತಲ್ಲ. ಫೇಲಾಗಿರ್ಲಿಲ್ಲ ಅಂತ."

ಬೈಂಡರ್ ತಲೆಯಾಡಿಸಿದರು. ಅವರು ಇಂಥದ್ದನ್ನು ಬಗೆಯುವವರಲ್ಲ. ರಟ್ಟಿನಷ್ಟು ಗಟ್ಟಿಯಾದ ಹಾಳೆ ಆರಿಸಿಕೊಟ್ಟು, "ಎಲ್ಲಿತ್ತು ಅದು?" ಎಂದರು.

"ಹಾಳೆ ಹಿಂದುಗಡೆ."

"ಹಿಂದುಗಡೆ ನೋಡೋರು ಇಬ್ಬರೇ ನೋಡಿ. ನಾನು, ಇಲ್ಲಾಂದ್ರೆ ಗೆದ್ದಲು."

ಅಚ್ಚಾದ ಹಾಳೆ ಬೆಚ್ಚಗಿತ್ತು. ಮಧ್ಯಾಹ್ನದ ಮೇಲೆ ರಜೆ ಬರೆದುಕೊಟ್ಟು ಹೊರಟಳು. ಬಸ್ಸು ಹತ್ತಿದ ಮೇಲೆ ನೆನಪಾಯಿತು, ಕಪಾಟಿನ ಬೀಗ ಎಳೆದು ನೋಡಿರಲಿಲ್ಲ. ಬೆರಳುಗಳು ಚುರುಗುಟ್ಟಿದವು. ಇರಲಿ, ಎಂದುಕೊಂಡಳು. 'ಇರಲಿ' ಎಂಬ ಮಾತು ಬಾಯಿಯಲ್ಲಿ ಹೊಸ ಹಲ್ಲಿನ ಹಾಗಿತ್ತು.

*

ಅಕ್ಕನ ಔಷಧಿ ಅಂಗಡಿ ರಸ್ತೆಗೆ, ಮನೆ ಅದರ ಮೇಲೆ. ಅಮ್ಮ ಅಕ್ಕನ ಜೊತೆ ಇದ್ದಾಳೆ. ಅಕ್ಕ ಗಿರಾಕಿಗೆ ಚಿಲ್ಲರೆ ಕೊಡುತ್ತಲೇ ತಂಗಿಯನ್ನು ನೋಡಿದಳು.

"ಏನಿದು, ವಾರದ ನಡುವೆ?"

"ಅಮ್ಮ ಎದ್ದಿದ್ದಾಳಾ?"

"ಎದ್ದಿದ್ದಾಳೆ. ಏನಾಯ್ತು?"

ಹಾಳೆ ಕೊಟ್ಟಳು. ಅಕ್ಕ ವೈದ್ಯರ ಚೀಟಿ ಓದುವ ಅಭ್ಯಾಸದ ಕಣ್ಣಿನಲ್ಲಿ ಸರಸರ ಓದಿ, ಗಲ್ಲದ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ. ಬರೆದೇ ಇದ್ದಳಾ."

"ಬರೆದಿದ್ದಳು."

"ತೋರಿಸ್ಬೇಕಾ?"

"ಯಾಕೆ, ಬೇಡ್ವಾ?"

"ಎಂಬತ್ತೊಂದು ವರ್ಷ ಅವಳಿಗೆ. ಅದನ್ನ ಮರೆತು ಹಾಯಾಗಿದ್ದಾಳೆ."

"ಮರೆತಿದ್ರೆ ಬಾಲ್ಕನಿಗೆ ಬರ್ತಿದ್ದಳು ಅಕ್ಕ."

ಅಕ್ಕ ಹಾಳೆಯನ್ನು ಹಿಂದಕ್ಕೆ ಕೊಟ್ಟಳು. "ಹೋಗು. ನಾನು ಟೀ ಮಾಡ್ಕೊಂಡು ಬರ್ತೀನಿ" ಎಂದು ಅಂಗಡಿಯ ಅರ್ಧ ಬಾಗಿಲು ಎಳೆದಳು.

ಅಮ್ಮ ಮೇಜಿನ ಮುಂದೆ ಕೂತು ರೇಡಿಯೋದ ಗುಂಡಿ ತಿರುಗಿಸುತ್ತಿದ್ದಳು. ಮೂರು ವರ್ಷದಿಂದ ಅಮ್ಮನ ಕಣ್ಣಿನ ನಡುಭಾಗ ಹೋಗಿದೆ. ಅಂಚು ಮಾತ್ರ ಕಾಣುತ್ತದೆ. ಮನುಷ್ಯರ ಕಿವಿ, ಭುಜ, ಬಾಗಿಲಿನ ಚೌಕಟ್ಟು. "ನಿಮ್ಮ ಮುಖ ಒಂದು ಬಿಟ್ಟು ಎಲ್ಲ ಕಾಣುತ್ತೆ" ಎನ್ನುತ್ತಾಳೆ, ಅದೇನೂ ದೊಡ್ಡ ನಷ್ಟವಲ್ಲ ಎಂಬಂತೆ.

"ಚಿಕ್ಕವಳಾ? ಕೆಲಸ ಬಿಡಿಸಿದ್ರಾ?"

"ಇಲ್ಲಮ್ಮ. ಒಂದು ಕಾಗದ ಸಿಕ್ತು. ನೀನು ಬರೆದದ್ದು."

"ನಾನು ಯಾರಿಗೂ ಕಾಗದ ಬರೆದವಳಲ್ಲ."

"ಯಾರಿಗೂ ಅಲ್ಲ. ತಾಳೆ ಯಂತ್ರ ಮೂರು."

ರೇಡಿಯೋ ನಿಂತಿತು. ಅಮ್ಮ ಗುಂಡಿಯ ಮೇಲಿನ ಕೈಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ಅಲ್ಲಿ ಸಮಾಧಾನವಾಗಲಿಲ್ಲವೋ ಏನೋ, ಮೇಜಿನ ಮೇಲಿಟ್ಟಳು.

"ಓದು."

ಅವಳು ಓದಿದಳು. ಮೂರು ನಮೂದು ಓದಲು ಅರ್ಧ ನಿಮಿಷ ಸಾಕಾಯಿತು. ಐವತ್ತು ವರ್ಷಕ್ಕೆ ಅರ್ಧ ನಿಮಿಷ.

"ಇನ್ನೊಂದು ಸಲ ಓದು. ಮೆಲ್ಲಗೆ. ಒಂದು ಸಲ ಹೊಡೆದದ್ದಕ್ಕೆ ಬೆಲೆ ಇಲ್ಲ."

ಎರಡನೆಯ ಸಲ ಓದುವಾಗ ಅಮ್ಮನ ಬಲಗೈಯ ಬೆರಳುಗಳು ಮೇಜಿನ ಮೇಲೆ ಕುಣಿಯತೊಡಗಿದವು. ಇಲ್ಲದ ಕೀಲಿಗಳನ್ನು ಅಕ್ಷರಕ್ಕೊಂದರಂತೆ ಹೊಡೆಯುತ್ತಿದ್ದಳು. 'ಹದಿನೇಳನೇ ಕಾಲಂ' ಬಂದಾಗ ಬೆರಳು ತಡೆಯಲಿಲ್ಲ. 'ಹೇಳಿದಂತೆ ಮುಂದುವರಿಸಿದೆ' ಬಂದಾಗ ನಿಂತಿತು. ಮತ್ತೆ ಹೊಡೆದು ಮುಗಿಸಿತು.

"ಹಾಗಾದ್ರೆ ಹೇಳಿದ್ದೆ" ಎಂದಳು ಅಮ್ಮ.

"ಮೂರು ಸಲ."

"ನಾನೂ ಮೂರು ಅಂತಲೇ ಅಂದ್ಕೊಂಡಿದ್ದೆ. ನಿಮ್ಮಪ್ಪ ಅಂದ್ರು, 'ಹೇಳಿರಲ್ಲ ಬಿಡೆ. ಹೇಳ್ಬೇಕು ಅಂದ್ಕೊಂಡಿರ್ತೀಯ.' ಇದ್ದರೂ ಇರಬಹುದು ಅನ್ನಿಸ್ತು. ಆಮೇಲೆ ಹಾಗೇ ಇದ್ದಹಾಗೆ ನೆನಪೂ ಬರೋಕೆ ಶುರುವಾಯ್ತು. ಮೇಲ್ವಿಚಾರಕರ ಬಾಗಿಲ ತನಕ ಹೋಗಿ ವಾಪಸ್ ಬಂದಹಾಗೆ." ಅಮ್ಮ ಸ್ವಲ್ಪ ನಕ್ಕಳು. "ಎಷ್ಟು ಚೆನ್ನಾಗಿ ನೆನಪಿದೆ ಗೊತ್ತಾ, ವಾಪಸ್ ಬಂದದ್ದು. ಬಾಗಿಲಿಗೆ ಹಸಿರು ಬಣ್ಣ ಇತ್ತು."

"ವಾಪಸ್ ಬಂದಿರ್ಲಿಲ್ಲಮ್ಮ. ಹೇಳಿದ್ದೆ."

"ಹೇಳಿದ್ದೆ ಅಂತ ಕಾಗದ ಹೇಳ್ತಿದೆ. ಬಾಗಿಲು ಬೇರೆ ಹೇಳ್ತಿದೆ." ಕೈ ಚಾಚಿದಳು. "ಕೊಡಿಲ್ಲಿ."

ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಅದರ ದಪ್ಪ ನೋಡಿದಳು. ಕಾರ್ಡಿನಷ್ಟೇ ದಪ್ಪ. ಮೂಸಿ ನೋಡಿದಳು. ಕಣ್ಣಿನ ಓರೆಗೆ ತಂದು, ದೂರ ಹಿಡಿದು, ಸುತ್ತ ತಿರುಗಿಸಿ, ಕಾರ್ಡಿನ ಹಾಗೆ ಅಡ್ಡಲಾಗಿ ಹಿಡಿದಳು.

"ಇದರ ತಲೆ ಯಾವ ಕಡೆ?"

ಆಗಲೇ ಅಕ್ಕ ಬಾಗಿಲನ್ನು ಕಾಲಿನಿಂದ ತಳ್ಳಿಕೊಂಡು ಟೀ ತಟ್ಟೆಯೊಡನೆ ಬಂದಳು. ತಟ್ಟೆ ವಾಲಿತು, ತಂಗಿ ಎದ್ದು ಹಿಡಿದುಕೊಂಡಳು. ಎರಡು ಲೋಟ ಇಳಿಸಿ, ಚೆಲ್ಲಿದ್ದನ್ನು ಒರೆಸುವಾಗ ಬೆನ್ನ ಹಿಂದೆ ಚಿಕ್ಕೆಂದು ಒಂದು ಸದ್ದು ಕೇಳಿತು. ಒಣಕಡ್ಡಿ ಮುರಿದ ಹಾಗೆ.

"ಸಕ್ಕರೆ ಹಾಕಿದ್ದೀಯಾ?" ಎಂದಳು ಅಮ್ಮ.

"ಹಾಕ್ತಾರಾ ನಿನಗೆ? ಶುಗರ್ ಎಷ್ಟಿದೆ ಗೊತ್ತಾ?" ಎಂದಳು ಅಕ್ಕ.

"ಇವತ್ತು ಹಾಕು. ಮುನ್ನೂರ ಹನ್ನೆರಡು ಜನ ಪಾಸಾಗಿದ್ದಾರೆ."

ಅಕ್ಕ ತಂಗಿಯ ಮುಖ ನೋಡಿದಳು. ಆಮೇಲೆ ಮೂವರೂ ನಗತೊಡಗಿದರು. ಅಪ್ಪನಿಲ್ಲದೆ ಈ ಮನೆಯಲ್ಲಿ ಈ ವಿಷಯಕ್ಕೆ ನಕ್ಕದ್ದು ಇದೇ ಮೊದಲು. ಅಕ್ಕ ನಗುತ್ತ ನಗುತ್ತ ಕಣ್ಣೊರೆಸಿಕೊಂಡು, ಒಳಗಿನಿಂದ ಡಬ್ಬಿ ತಂದು ಒಂದು ಚಮಚ ಸಕ್ಕರೆ ಹಾಕಿದಳು. ತಂದ ಡಬ್ಬಿಯನ್ನು ಒಳಗೆ ಒಯ್ಯಲೂ ಇಲ್ಲ.

ಟೀ ಕುಡಿದು ಅಮ್ಮ ಎದ್ದಳು. ಗೋಡೆ ಹಿಡಿದು ನಡೆದಳು. ಬಚ್ಚಲಿಗೆ ಎಂದುಕೊಂಡರೆ, ಬಾಲ್ಕನಿಯ ಬಾಗಿಲಿನ ಚಿಲಕ ತಡಕುತ್ತಿದ್ದಳು. ಅಕ್ಕ ಎದ್ದು ತೆಗೆಯಲು ಹೋದವಳು ಅಲ್ಲಿಯೇ ನಿಂತಳು. ಚಿಲಕ ತೆರೆಯಿತು. ಅಮ್ಮ ಹೊರಗೆ ಹೋಗಿ ಕಂಬಿ ಹಿಡಿದು ನಿಂತಳು.

"ಗೇಟು ಎಲ್ಲಿದೆ?"

"ನೇರ ಕೆಳಗೆ" ಎಂದಳು ಅಕ್ಕ.

"ಯಾರಾದ್ರೂ ಇದ್ದಾರಾ?"

"ಯಾರೂ ಇಲ್ಲಮ್ಮ."

"ನನಗೂ ಕಾಣ್ತಿಲ್ಲ" ಎಂದಳು ಅಮ್ಮ, ತೃಪ್ತಿಯಿಂದ.

*

ಹೊರಡುವಾಗ ಅಮ್ಮ ಹಾಳೆಯನ್ನು ಹಿಂದಕ್ಕೆ ಕೊಟ್ಟಳು. ನಿನ್ನ ಹತ್ತಿರವೇ ಇರಲಿ ಎಂದು ಅವಳು ಹೇಳಿದರೂ ಕೇಳಲಿಲ್ಲ. "ನೋಡಿಯಾದ ಮೇಲೆ ಕಾರ್ಡು ನಾವು ಇಟ್ಕೊಳ್ಳೋಹಾಗಿಲ್ಲ. ಮುಂದಕ್ಕೆ ಕಳಿಸ್ಬೇಕು."

ರಸ್ತೆಯ ಆಚೆ ಬಸ್ಸು ನಿಂತಿತ್ತು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಉಸಿರು ಬಿಟ್ಟಳು. ಹಗುರವಾಗಿತ್ತು. ಎಷ್ಟು ಹಗುರವೆಂದರೆ, ಬಸ್ಸು ತಿರುವಿನಲ್ಲಿ ವಾಲಿದರೆ ತಾನು ತೇಲಿ ಆ ಬದಿಗೆ ಹೋಗಬಹುದು ಅನ್ನಿಸಿತು. ಹಿಡಿದುಕೊಳ್ಳಲು ಏನೂ ಇರಲಿಲ್ಲ. ಅಮ್ಮನ ಕೈ ತನಗೆ ಬಂದಿದ್ದರೆ ಅದು ಒಳ್ಳೆಯ ಕೈ. ಮನೆಗೆ ಹೋಗಿ 'ಕೊನೆಯ ಸಲ' ತೆರೆಯಬಹುದು. ಈಗ ಯಾರಿಗೆ ಕೊಡುವುದು ಎಂದು ಮಾತ್ರ ತಿಳಿಯಲಿಲ್ಲ.

ಹಾಳೆಯನ್ನು ಹೊರಗೆ ತೆಗೆದಾಗ ಅದನ್ನು ಕಂಡಳು. ಉಗುರಿನ ಕಚ್ಚು. ಅರ್ಧ ಅಕ್ಕಿಕಾಳಿನಷ್ಟು, ಅಂಚಿನಲ್ಲಿ, ಚೂಪಾಗಿ.

ಮೊದಲು ನಗು ಬಂತು. ಬಲ ಅಂಚು. ಅಮ್ಮ ಅಡ್ಡಲಾಗಿ ಹಿಡಿದಿದ್ದಳಲ್ಲ, ಹಾಗೆ ಹಿಡಿದರೆ ಬಲ ಅಂಚು. ಎಲ್ಲ ಸರಿಯಿದೆ. ಆದರೆ ಹಾಗೆ ಹಿಡಿದಾಗ ಅಕ್ಷರಗಳು ಮಲಗಿದ್ದವು. ಓದಲು ಹಾಳೆಯನ್ನು ತಿರುಗಿಸಿದಳು. ಅಕ್ಷರಗಳು ಎದ್ದು ನಿಂತವು. ಕಚ್ಚು ತಲೆಯ ಮೇಲೆ ಬಂತು, ತಪ್ಪಿಗೆ ಹಾಕುವ ಜಾಗಕ್ಕೆ.

ಅಲ್ಲಿಂದ ಬೆರಳನ್ನು ನೇರ ಕೆಳಗೆ ಇಳಿಸಿದಳು. ಮಂಗಳವಾರ ದಾಟಿತು, ಬುಧವಾರ ದಾಟಿತು. ಗುರುವಾರದ ಕೊನೆಯ ಪದದ ಮೇಲೆ ಬೆರಳು ನಿಂತಿತು. ಮುಂದುವರಿಸಿದೆ.

ತಲೆ ಯಾವ ಕಡೆ ಎಂದು ಅಮ್ಮ ಕೇಳಿದ್ದಳು. ತಾನು ಏನೋ ಹೇಳಿದ್ದೆನೇ? ತಟ್ಟೆ ಹಿಡಿಯುವ ಮೊದಲೇ ಹೇಳಿದ್ದೆನೇ? ಹೇಳಿದ ಹಾಗೂ ಇತ್ತು. ಹೇಳಬೇಕೆಂದುಕೊಂಡ ಹಾಗೂ ಇತ್ತು.

ಇಳಿದು, ಮಹಡಿ ಹತ್ತಿ ಹೋಗಿ ಕೇಳಬಹುದಿತ್ತು. ಬಸ್ಸು ಇನ್ನೂ ಹೊರಟಿರಲಿಲ್ಲ. ಆ ಬದಿಯ ಬಾಲ್ಕನಿಯಲ್ಲಿ ಅಮ್ಮ ಕಂಬಿ ಹಿಡಿದು ನಿಂತೇ ಇದ್ದಳು, ಯಾರೂ ಇಲ್ಲದ ಗೇಟಿನ ಕಡೆ ಮುಖ ಮಾಡಿ. ಎಷ್ಟೋ ವರ್ಷದ ಮೇಲೆ ಸಿಕ್ಕ ಗಾಳಿ, ಕೂದಲು ಹಾರುತ್ತಿತ್ತು. ಅದನ್ನು ಕೆಡಿಸಲು ಅವಳಿಗೆ ಮನಸ್ಸು ಬರಲಿಲ್ಲ. ಮನಸ್ಸು ಬರಲಿಲ್ಲವೋ, ಧೈರ್ಯ ಬರಲಿಲ್ಲವೋ. ಇರಲಿ ಎಂದುಕೊಂಡಳು.

ಹಾಳೆಯನ್ನು ಕಿಟಕಿಯ ಗಾಜಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಕಚ್ಚಿನೊಳಗಿಂದ ನೋಡಿದಳು. ಅಮ್ಮ ಅದರಲ್ಲಿ ಸರಿಯಾಗಿ ಹಿಡಿಸಿದಳು, ಅಳತೆ ತೆಗೆದು ಕತ್ತರಿಸಿದ ಹಾಗೆ. ಬಸ್ಸು ಹೊರಟಿತು. ಕಚ್ಚಿನಲ್ಲಿ ಅಂಗಡಿಯ ಫಲಕದ ತುದಿ ಬಂತು, ಒಂದು ಗೋಡೆ ಬಂತು, ಇನ್ನೊಂದು ಗೋಡೆ. ಹಾಳೆಯನ್ನು ಬಲಕ್ಕೆ ತಿರುಗಿಸಿದಳು. ಮತ್ತೆ ಮೇಲಕ್ಕೆ. ಹೇಗೆ ಹಿಡಿದರೂ ಅದರೊಳಗೆ ಅದೇ ಗೋಡೆ ಓಡುತ್ತಿತ್ತು.